ಮಸುಕಾದ ಗೀಟೂ ಗೀಟೇ

೨೦೨೩ರ ಜುಲೈ ೧೭, ಸೋಮವಾರ. ಆಧಾರ: ವನಗೂರಿಗೂ ಹೊಂಗಡಹಳ್ಳಕ್ಕೂ ನಡುವೆ ಇರುವ ಒಂದು ಕಾಫಿ ಎಸ್ಟೇಟಿನ ಮಾದರಿ ಸಂಗ್ರಹ ಪುಸ್ತಕ, ಮೊದಲ ಪುಟ, ಏಳನೆಯ ನಮೂದು. ಪುಟದ ನೆರಳಚ್ಚು ನನ್ನ ಬಳಿ ಇದೆ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮೂತ್ರದ ಮಾದರಿ ಕೊಟ್ಟವನು ಎಸ್ಟೇಟಿನ ಹಿರಿಯ ಜೀಪ್ ಚಾಲಕ. ಪಡೆದು ಪರೀಕ್ಷಿಸಿದವರು ಕಾಫಿ ದಾಸ್ತಾನಿನ ಲೆಕ್ಕ ಬರೆಯುವ ಸ್ಟೋರ್ ರೈಟರ್. ಮಾದರಿಯ ಬಿಸಿ ಮೂವತ್ತನಾಲ್ಕು ಡಿಗ್ರಿ. ಕೊನೆಯ ಅಂಕಣದಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗಿದೆ: ‘ಗಾಂಜಾ. ಗೀಟು ಮಸುಕು. ಅನುಮಾನ. ತಿರಸ್ಕೃತ.’

ಈ ನಾಲ್ಕು ಮಾತುಗಳಿಂದ ಒಬ್ಬ ಮನುಷ್ಯನ ಕೈಯಿಂದ ಜೀಪಿನ ಕೀ ಹೋಯಿತು. ಅದನ್ನು ಮರಳಿಸುವ ಕೆಲಸದಲ್ಲಿ ನಾನೂ ಇದ್ದೆ, ಅದು ಹೋಗುವುದಕ್ಕೆ ಕಾರಣವಾದವರ ಪೈಕಿಯೂ ಇದ್ದೆ. ಎರಡನ್ನೂ ಬರೆದಿಡಬೇಕೆಂದು ನಿಶ್ಚಯಿಸಿದ್ದೇನೆ. ನೆನಪಿನಿಂದ ಬರೆದ ಪ್ರತಿ ವಾಕ್ಯವನ್ನೂ ಸಿಕ್ಕಷ್ಟು ಕಾಗದಗಳೊಂದಿಗೆ ಹೋಲಿಸಿದ್ದೇನೆ; ಸಿಗದ ಕಡೆ ‘ನೆನಪು’ ಎಂದೇ ಹೇಳುತ್ತೇನೆ.

ನಾನು ವೃತ್ತಿಯಿಂದ ರಸಾಯನಶಾಸ್ತ್ರದವಳು. ಬೆಳೆಗಳಲ್ಲಿ ಉಳಿಯುವ ಕೀಟನಾಶಕದ ಶೇಷವನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ಮೂರು ದಶಕ ಕಳೆದು, ನಿವೃತ್ತಿಯ ನಂತರ ವನಗೂರಿನ ಬಳಿ ನೆಲೆಸಿದೆ. ಆ ವರ್ಷ ಎಸ್ಟೇಟಿನವರು ಅತಿಥಿಗಳನ್ನು ಜೀಪಿನಲ್ಲಿ ಗುಡ್ಡದ ನೆತ್ತಿಗೆ ಕರೆದೊಯ್ಯುವ ವ್ಯವಹಾರ ಇಟ್ಟುಕೊಂಡಿದ್ದರು. ಚಾಲಕರೆಲ್ಲರ ಮೂತ್ರವನ್ನು ಗಾಂಜಾಕ್ಕಾಗಿ ಪರೀಕ್ಷಿಸಿ ಫಲಿತಾಂಶಗಳ ಪಟ್ಟಿ ಕಳಿಸಿದರೆ ಮಾತ್ರ ವಿಮೆ ನವೀಕರಣ ಎಂದು ವಿಮಾ ಸಂಸ್ಥೆ ಷರತ್ತು ಹಾಕಿತು. ಆಲೂರು ಕಡೆಯವರಾದ ಮ್ಯಾನೇಜರ್ ಜುಲೈ ಒಂದರಂದು ಮನೆಗೆ ಬಂದು, ಹತ್ತಿರದಲ್ಲಿ ಕೆಮಿಸ್ಟ್ರಿ ಬಲ್ಲವರು ನೀವೊಬ್ಬರೇ, ಕ್ರಮವನ್ನು ಬರೆದುಕೊಡಿ ಎಂದರು. ನಾನು ಒಪ್ಪಿದೆ. ಪ್ರತಿ ಮಾದರಿಯನ್ನೂ ಎರಡು ಬಾಟಲಿ ಮಾಡಬೇಕು, ಎರಡನೆಯದನ್ನು ಮುದ್ರೆಯೊತ್ತಿ ತಂಪಿನಲ್ಲಿ ಇಡಬೇಕು ಎಂಬ ನನ್ನ ಷರತ್ತಿಗೆ ಅವರೂ ಒಪ್ಪಿದರು.

ಜುಲೈ ಮೂರು, ಸೋಮವಾರ, ಸ್ಟೋರಿನಲ್ಲಿ ತರಬೇತಿ ನಡೆಯಿತು. ಹಾಜರಿ ಹಾಳೆಯ ಪ್ರಕಾರ ಒಂಬತ್ತು ಜನ. ಮಾದರಿಯನ್ನು ಹೇಗೆ ಪಡೆಯಬೇಕು ಎಂಬುದರಿಂದ ಶುರು ಮಾಡಿದೆ. ಶೌಚಾಲಯದ ನಲ್ಲಿಯನ್ನು ಮೊದಲೇ ಬಂದ್ ಮಾಡಿರಬೇಕು, ಇಲ್ಲದಿದ್ದರೆ ನೀರು ಬೆರೆಸಬಹುದು. ಕಪ್ಪಿನ ಹೊರಮೈಗೆ ಅಂಟಿಸಿರುವ ಉಷ್ಣಪಟ್ಟಿಯನ್ನು ನಾಲ್ಕು ನಿಮಿಷದೊಳಗೆ ಓದಬೇಕು. ಮೂವತ್ತೆರಡರಿಂದ ಮೂವತ್ತೆಂಟು ಡಿಗ್ರಿಯೊಳಗೆ ಇದ್ದರೆ ಅದು ಈಗಷ್ಟೇ ಮೈಯಿಂದ ಬಂದದ್ದು. ಕೊಟ್ಟವನ ಎದುರಿನಲ್ಲೇ ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಅವನಿಂದ ಸಹಿ ಹಾಕಿಸಬೇಕು.

ಮೂತ್ರದಲ್ಲಿ ಅದ್ದುವ ಸಣ್ಣ ಪರೀಕ್ಷಾ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಜೀಪಿನ ಉಪಮೆಯಿಂದ ಹೇಳಿದೆ. ಕೇಳುವವರಲ್ಲಿ ಹೆಚ್ಚಿನವರು ಚಾಲಕರಾಗಿದ್ದರು. ಪಟ್ಟಿಯಲ್ಲಿ ಬಣ್ಣದ ಕಣಗಳು ಖಾಲಿ ಜೀಪುಗಳಂತೆ ಹೊರಡುತ್ತವೆ. ದಾರಿಯಲ್ಲಿ ಒಂದು ನಿಲ್ದಾಣವಿದೆ; ಅಲ್ಲಿ ಜನ ಕಾಯುತ್ತಿದ್ದಾರೆ. ಜೀಪಿನಲ್ಲಿ ಸೀಟು ಖಾಲಿ ಇದ್ದರೆ ಅಲ್ಲಿ ನಿಲ್ಲುತ್ತದೆ, ನಿಂತ ಜೀಪುಗಳ ಬಣ್ಣವೇ ಗೀಟಾಗಿ ಕಾಣುತ್ತದೆ. ಮೂತ್ರದಲ್ಲಿ ಗಾಂಜಾದ ಅಂಶವಿದ್ದರೆ ಅದು ಮೊದಲೇ ಸೀಟುಗಳನ್ನು ಹಿಡಿದಿರುತ್ತದೆ. ತುಂಬಿದ ಜೀಪು ನಿಲ್ಲದೆ ಹೋಗುತ್ತದೆ, ಗೀಟು ಮೂಡುವುದಿಲ್ಲ. ಮುಂದೆ ಇನ್ನೊಂದು ನಿಲ್ದಾಣವಿದೆ, ಅದು ಚೆಕ್‌ಪೋಸ್ಟಿನ ಹಾಗೆ. ತುಂಬಿರಲಿ ಖಾಲಿಯಿರಲಿ ಎಲ್ಲ ಜೀಪೂ ನಿಲ್ಲಲೇಬೇಕು. ಅಲ್ಲಿ ಗೀಟು ಬೀಳದಿದ್ದರೆ ಪಟ್ಟಿಯೇ ಕೆಟ್ಟಿದೆ ಎಂದರ್ಥ. ಆದ್ದರಿಂದ ಎರಡು ಗೀಟು ಬಂದರೆ ಗಾಂಜಾ ಇಲ್ಲ, ಒಂದೇ ಬಂದರೆ ಇರಬಹುದು.

ಎಲ್ಲರೂ ತಲೆಯಾಡಿಸಿದರು. ಹಿರಿಯ ಚಾಲಕ ಮಾತ್ರ, ನಮ್ಮ ಜೀಪಲ್ಲಿ ಸೀಟು ತುಂಬಿದ್ರೂ ಇನ್ನಾಲ್ಕು ಜನ ನೇತಾಡ್ಕೊಂಡು ಬತ್ತಾರಲ್ಲ ಅಮ್ಮಾವ್ರೇ, ಅವ್ರ ಲೆಕ್ಕ ಹೆಂಗೆ ಎಂದು ಕೇಳಿ ನಗಿಸಿದ. ನಾನೂ ನಕ್ಕು ಮುಂದೆ ಹೋದೆ. ಆ ಪ್ರಶ್ನೆಗೆ ಅಂದೇ ಉತ್ತರ ಕೊಡಬೇಕಿತ್ತು. ಪೂರ್ತಿ ಖಾಲಿಯೂ ಅಲ್ಲದ, ಪೂರ್ತಿ ತುಂಬಿಯೂ ಇಲ್ಲದ ಸ್ಥಿತಿಯೊಂದಿದೆ, ಆಗ ಗೀಟು ಮಸುಕಾಗಿ ಮೂಡುತ್ತದೆ. ಅದನ್ನು ಹೇಗೆ ಓದಬೇಕೆಂದು ನಾನು ಹೇಳಲಿಲ್ಲ.

ಪರೀಕ್ಷೆ ಹದಿನೇಳರಂದು ನಡೆಯಿತು. ಹದಿನೆಂಟರ ಮಧ್ಯಾಹ್ನ ಆ ಚಾಲಕ ನಮ್ಮ ಮನೆಗೆ ನಡೆದುಕೊಂಡು ಬಂದ. ಜೀಪಿಲ್ಲದೆ ಆತನನ್ನು ನಾನು ನೋಡಿದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷದಿಂದ ಆ ಎಸ್ಟೇಟಿನ ಸ್ಟೇರಿಂಗ್ ಹಿಡಿದವನು; ಕೂಲಿಯವರ ಲೈನಿನ ಹೆಂಗಸರಿಗೆ ಹೆರಿಗೆ ನೋವು ಬಂದರೆ ಕೂಗುವುದು ಆತನನ್ನೇ. ಜಗಲಿಯ ಅಂಚಿನಲ್ಲಿ ಕುಳಿತ ಆತ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳವನ್ನು ಕಿತ್ತೆಸೆದು ಹೇಳಿದ:

“ನಂಗೆ ಗಾಂಜಾ ಐತಂತೆ ಅಮ್ಮಾವ್ರೇ. ರೈಟರ್ ಬರ್ದವ್ರೆ. ಕೀ ಇಸ್ಕೊಂಡ್ಬುಟ್ರು.”

ಫಲಿತಾಂಶಗಳ ಪಟ್ಟಿ ವಿಮಾ ಸಂಸ್ಥೆಗೆ ಹೋಗುವುದು ಇಪ್ಪತ್ತನಾಲ್ಕನೇ ಸೋಮವಾರ ಎಂದೂ ಆತನೇ ಹೇಳಿದ. ಸುತ್ತಲಿನ ಎಸ್ಟೇಟುಗಳಿಗೆಲ್ಲ ವಿಮೆ ಮಾಡಿದವರು ಅವರೇ. ಅಲ್ಲಿ ಒಮ್ಮೆ ಹೆಸರಿನ ಮುಂದೆ ‘ತಿರಸ್ಕೃತ’ ಎಂದು ಬಿದ್ದರೆ ಈ ಗುಡ್ಡದ ಯಾವ ಮಾಲೀಕನೂ ಆತನ ಕೈಗೆ ಗಾಡಿ ಕೊಡುವ ಹಾಗಿರಲಿಲ್ಲ. ನನ್ನೆದುರು ಆರು ದಿನಗಳಿದ್ದವು.

ಸೇದಿದ್ದೀಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದ. ಆಮೇಲೆ ಒಂದು ಮಾತು ಹೇಳಿದ. ಶನಿವಾರ ಮನೆಯ ಕರುವಿಗೆ ಭೇದಿ ಹತ್ತಿತ್ತು. ಆತನ ತಾಯಿ ಎಂದೋ ಒಣಗಿಸಿ ಕಟ್ಟಿಟ್ಟಿದ್ದ ಭಂಗಿಸೊಪ್ಪು, ಅಂದರೆ ಗಾಂಜಾ ಗಿಡದ ಎಲೆ, ಅಟ್ಟದಲ್ಲಿತ್ತು. ಈ ಸೀಮೆಯಲ್ಲಿ ದನಕ್ಕೆ ಅದನ್ನು ಕೊಡುವುದು ಹಳೆಯ ಪದ್ಧತಿ. ಆತ ತನ್ನ ಕೈಯಿಂದಲೇ ಅರೆದು, ಬೆಲ್ಲದಲ್ಲಿ ಕಲಸಿ ಕರುವಿಗೆ ನೆಕ್ಕಿಸಿದ್ದ. ಅದು ಕೈಯಿಂದ ಮೈಗೆ ಇಳಿದಿರಬೇಕು ಎಂಬುದು ಆತನ ತೀರ್ಮಾನ. ಇದನ್ನು ಮ್ಯಾನೇಜರಿಗೂ ಹೇಳಿಯಾಗಿತ್ತು. ಪ್ರಾಮಾಣಿಕವಾಗಿ ಹೇಳಿದರೆ ಬಿಡುತ್ತಾರೆ ಎಂದುಕೊಂಡಿದ್ದ. ಮ್ಯಾನೇಜರ್ ಅದನ್ನು ತಪ್ಪೊಪ್ಪಿಗೆಯೆಂದು ಬರೆದುಕೊಂಡಿದ್ದರು.

ಆತನಿಗೆ ನಾನು ತಿಳಿಸಿದ್ದು ಇಷ್ಟು. ಈ ಪರೀಕ್ಷೆ ಸೊಪ್ಪನ್ನು ಹುಡುಕುವುದಿಲ್ಲ. ಗಾಂಜಾ ಮೈಯೊಳಗೆ ಹೋದ ಮೇಲೆ ಪಿತ್ತಜನಕಾಂಗ ಅದನ್ನು ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ವಸ್ತು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಮೂತ್ರಕ್ಕೆ ಇಳಿಯುತ್ತದೆ. ಎಂದೋ ಒಮ್ಮೆ ಸೇದಿದವನಲ್ಲಿ ಕೆಲವು ದಿನ, ದಿನವೂ ಸೇದುವವನಲ್ಲಿ ವಾರಗಟ್ಟಲೆ ಸಿಗುತ್ತದೆ. ಹುಡುಕುವುದು ಆ ವಸ್ತುವನ್ನು. ಒಮ್ಮೆ ಸೊಪ್ಪು ಅರೆದ ಕೈಯಿಂದ ಅದು ಈ ಪಟ್ಟಿಯ ಮಿತಿಯನ್ನು ಮುಟ್ಟುವಷ್ಟು ಬರುವುದಿಲ್ಲ. ಮತ್ತೊಂದನ್ನೂ ಹೇಳಿದೆ: ಪರೀಕ್ಷೆಯಲ್ಲಿ ಇದೆ ಎಂದು ಬಂದರೂ, ಗಾಡಿ ಓಡಿಸುವಾಗ ಅಮಲಿನಲ್ಲಿದ್ದನೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ಇಷ್ಟೆಲ್ಲ ಹೇಳುವಾಗಲೂ ಆತನ ಮಾತನ್ನು ನಾನು ಪೂರ್ತಿ ನಂಬಿರಲಿಲ್ಲ. ಆ ದಿನದ ದಿನಚರಿಯಲ್ಲಿ ‘ಕರುವಿನ ಕಥೆ ತೀರಾ ಅನುಕೂಲಕರವಾಗಿದೆ’ ಎಂದು ಬರೆದಿದ್ದೇನೆ. ಅಳಿಸುವ ಮನಸ್ಸಾಯಿತು, ಅಳಿಸಲಿಲ್ಲ.

ಹತ್ತೊಂಬತ್ತರ ಬುಧವಾರ ಬೆಳಿಗ್ಗೆ ಎಸ್ಟೇಟಿಗೆ ಹೋದೆ. ಸ್ಟೋರ್ ರೈಟರ್ ಬಂದವರಿಗೆ ಬೆಲ್ಲದ ಕಾಫಿ ಕೊಡದೆ ಮಾತು ಶುರು ಮಾಡುವವರಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕಾಫಿಬೀಜದ ಮಾದರಿ ಆರಿಸಿದವರು. ಕಪ್ಪು ಬಟ್ಟೆಯ ಮೇಲೆ ಹಿಡಿ ಬೀಜ ಹರಡಿ, ಬೆರಳ ತುದಿಯಿಂದ ಒಂದೊಂದೇ ಆಚೆ ನೂಕುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಅವರ ಮೇಜಿನ ಮೇಲೆ ಮಾದರಿ ಪುಸ್ತಕವಿತ್ತು. ಪ್ರತಿ ನಮೂದಿನ ಎದುರೂ ಆ ಪಟ್ಟಿಯನ್ನೇ ಅಂಟಿಸಿ, ಪಕ್ಕದಲ್ಲಿ ಲಾಟ್ ನಂಬರು ಬರೆದಿದ್ದರು.

ಏಳನೆಯ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಒಣಗಿದ ಪಟ್ಟಿಯನ್ನು ಎರಡು ದಿನದ ಮೇಲೆ ಓದಬಾರದು, ಅದು ಲೆಕ್ಕಕ್ಕಿಲ್ಲ. ಆದರೆ ಪಟ್ಟಿ ಓದಬೇಕಾದ ಐದು ನಿಮಿಷಕ್ಕೆ ಸರಿಯಾಗಿ ಅವರು ಕಂಡದ್ದನ್ನು ಅವರೇ ಬರೆದಿದ್ದರು: ಗೀಟು ಮಸುಕು. ಅಂದರೆ ಗೀಟು ಇತ್ತು. ಈ ಪಟ್ಟಿಯ ಮಿತಿ ಮಿಲಿಲೀಟರಿಗೆ ಐವತ್ತು ನ್ಯಾನೊಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ ಗೀಟು ಪೂರ್ತಿ ಕಾಣೆಯಾಗಬೇಕು. ಎಷ್ಟೇ ತೆಳುವಾಗಿರಲಿ, ಗೀಟು ಕಂಡರೆ ಫಲಿತಾಂಶ ‘ಇಲ್ಲ’ ಎಂದೇ. ಪಟ್ಟಿಯಿಂದ ಪಟ್ಟಿಗೆ, ಮೂತ್ರದಿಂದ ಮೂತ್ರಕ್ಕೆ ಬಣ್ಣದ ಗಾಢತೆ ಬದಲಾಗುತ್ತದೆ, ಅದಕ್ಕೆ ಅರ್ಥವಿಲ್ಲ.

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಬೀಜ ನೋಡಿದ ಕಣ್ಣಿಗೆ ಗೀಟು ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ತಿಳಿಯಲಿಲ್ಲವೇ ಎಂದು ಕೇಳಿದೆ. ಅವರು ಉತ್ತರಿಸುವ ಮೊದಲು ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಜುಲೈ ಮೂರರಂದು ನಾನೇ ಬರೆದುಕೊಟ್ಟ ಸೂಚನಾಪತ್ರ. ಆರನೆಯ ಸಾಲು ಹೀಗಿತ್ತು: ‘ಗಾಂಜಾ ಇಲ್ಲದಿದ್ದರೆ ಗೀಟು ಸ್ಪಷ್ಟವಾಗಿ ಮೂಡುತ್ತದೆ; ಇದ್ದರೆ ಮೂಡುವುದಿಲ್ಲ.’

“ಸ್ಪಷ್ಟವಾಗಿ ಅಂತ ನೀವೇ ಬರ್ದೀರಿ ಮೇಡಮ್ಮೋರೇ. ಇದು ಸ್ಪಷ್ಟ ಇರ್ಲಿಲ್ಲ. ಅನುಮಾನದ ಬೀಜನ ನಾನು ಒಂದಿನಾನೂ ಮೂಟೆಗೆ ಹಾಕ್ದೋನಲ್ಲ.”

ಕಿಟ್ಟಿನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಎಷ್ಟೇ ಮಸುಕಾದ ಗೀಟನ್ನೂ ‘ಇಲ್ಲ’ ಎಂದೇ ಓದಬೇಕು ಎಂಬ ವಾಕ್ಯವಿತ್ತು. ನಾನು ಕನ್ನಡಕ್ಕೆ ತಂದ ಹಾಳೆಯಲ್ಲಿ ಆ ವಾಕ್ಯ ಇರಲಿಲ್ಲ. ನನಗೆ ಅದು ಎಷ್ಟು ಸಹಜವೆಂದರೆ ಬರೆಯಬೇಕೆಂದೇ ತೋಚಿರಲಿಲ್ಲ. ಸ್ಟೋರಿನಲ್ಲಿ ಅನುಮಾನ ಬಂದರೆ ಬೀಜವನ್ನು ಆಚೆ ಹಾಕುತ್ತಾರೆ; ಹಾಗೆ ಹಾಕಿದರೆ ಒಂದು ಬೀಜ ಹೋಗುತ್ತದೆ, ಮೂಟೆ ಉಳಿಯುತ್ತದೆ. ಅವರು ತಮ್ಮ ಕಸುಬಿನ ನಿಯಮವನ್ನು ತಪ್ಪದೆ ಪಾಲಿಸಿದ್ದರು. ಮನುಷ್ಯರ ವಿಷಯದಲ್ಲಿ ಆ ನಿಯಮ ತಿರುವುಮುರುವಾಗಬೇಕು ಎಂದು ಹೇಳಬೇಕಾದವಳು ನಾನಾಗಿದ್ದೆ.

ಕ್ಷಮೆ ಕೇಳಿದೆ. ಅವರು ಲೋಟ ಎತ್ತಿ ಇನ್ನಷ್ಟು ಕಾಫಿ ಬಗ್ಗಿಸಿದರು, ಅಷ್ಟೇ.

ಮ್ಯಾನೇಜರಿಗೆ ವಿವರಿಸಿದಾಗ ಅವರು ಪಟ್ಟಿಯ ಮಾತನ್ನು ಒಪ್ಪಿದರು, ಆದರೆ ಕೀ ಕೊಡಲು ಒಪ್ಪಲಿಲ್ಲ. “ಅವನೇ ಒಪ್ಕೊಂಡಿದ್ದಾನಲ್ಲ ಮೇಡಂ, ಭಂಗಿ ಅರೆದೆ ಅಂತ. ನಾಳೆ ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ.”

ಬಾಗಿಲಲ್ಲಿ ನಿಂತಿದ್ದ ಅತಿಥಿಗೃಹದ ಅಡುಗೆಯವಳು ಸುಮ್ಮನಿರಲಿಲ್ಲ. “ತಿಂದದ್ದು ಕರ. ಹಂಗಾದ್ರೆ ಕರದ ಕೈಲಿ ಕೀ ಇಸ್ಕೋಬೇಕಿತ್ತು ನೀವು.” ಅವಳ ತಕರಾರು ಬೇರೆಯೇ ಇತ್ತು: ಎರಡನೆಯ ಬಾಟಲಿಗಳೆಲ್ಲ ಅವಳ ಫ್ರಿಜ್ಜಿನಲ್ಲಿದ್ದವು, ಮೊಸರಿನ ಪಾತ್ರೆಯ ಪಕ್ಕ. ಇನ್ನೆಷ್ಟು ದಿನ ಅವು ಅಲ್ಲಿರಬೇಕು ಎಂದು ಅವಳು ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ದಳಂತೆ.

ಇನ್ನು ಪಟ್ಟಿಯ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ ಎಂದು ನನಗೆ ಖಚಿತವಾಯಿತು. ದೃಢೀಕರಣ ಪರೀಕ್ಷೆಯೊಂದೇ ದಾರಿ. ಅದರಲ್ಲಿ ಪಟ್ಟಿ ಇರುವುದಿಲ್ಲ, ಗೀಟೂ ಇರುವುದಿಲ್ಲ. ಯಂತ್ರವೊಂದು ಮೂತ್ರದ ವಸ್ತುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಒಡೆದು, ಚೂರುಗಳ ತೂಕದಿಂದ ಇಂಥದ್ದೇ ಎಂದು ಗುರುತಿಸುತ್ತದೆ. ಮಿತಿ ಇನ್ನೂ ಕಡಿಮೆ: ಹದಿನೈದು ನ್ಯಾನೊಗ್ರಾಂ. ನನ್ನ ವೃತ್ತಿಯೆಲ್ಲ ಅಂಥ ಯಂತ್ರಗಳ ಮುಂದೆಯೇ ಕಳೆದಿತ್ತು. ಆತ ಸೇದಿದ್ದರೆ ಅದು ಹಿಡಿಯುತ್ತದೆ ಎಂಬುದೂ ಗೊತ್ತಿತ್ತು. ಎರಡನೆಯ ಬಾಟಲಿಯನ್ನು ಮಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಬೇಕು, ವರದಿ ಬರುವವರೆಗೆ ವಿಮಾ ಸಂಸ್ಥೆಯ ಪಟ್ಟಿಯಲ್ಲಿ ಆತನ ಸಾಲಿನಲ್ಲಿ ‘ಫಲಿತಾಂಶ ಬಾಕಿ’ ಎಂದೇ ಇರಬೇಕು ಎಂದು ಅಲ್ಲೇ ಕುಳಿತು ಪತ್ರ ಬರೆದೆ. ಮ್ಯಾನೇಜರ್ ಸಹಿ ಹಾಕುವವರೆಗೆ ಏಳಲಿಲ್ಲ. ಹನ್ನೊಂದೂಕಾಲಿಗೆ ಬರೆದ ಪತ್ರಕ್ಕೆ ಎರಡು ಗಂಟೆಗೆ ಸಹಿ ಬಿತ್ತು. ಎರಡು ಸಮಯವೂ ಪತ್ರದ ಮೇಲಿವೆ.

ಫ್ರಿಜ್ಜಿನಿಂದ ಬಾಟಲಿ ತೆಗೆಸಿದಾಗ ನನಗೆ ಆಶ್ಚರ್ಯ ಕಾದಿತ್ತು. ನಾನು ಚೀಟಿ ಮತ್ತು ಸಹಿ ಸಾಕು ಎಂದಿದ್ದೆ. ರೈಟರ್ ಅದರ ಮೇಲೆ, ಕಾಫಿ ಮಾದರಿ ಕಳಿಸುವಾಗ ಮಾಡುವ ಹಾಗೆಯೇ, ದಾರ ಸುತ್ತಿ ಅರಗು ಕರಗಿಸಿ ಎಸ್ಟೇಟಿನ ಮುದ್ರೆ ಒತ್ತಿದ್ದರು. ಆಮೇಲೆ ಬಾಟಲಿಯನ್ನು ತಗಡಿನ ಬಿಸ್ಕತ್ತು ಡಬ್ಬಿಯಲ್ಲಿಟ್ಟು ಡಬ್ಬಿಗೆ ಸ್ಟೋರಿನ ಬೀಗ ಹಾಕಿದ್ದರು. ಬಾಟಲಿಯನ್ನು ಯಾರಾದರೂ ಮುಟ್ಟಿದ್ದಾರೆ ಎಂದು ಮುಂದೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ.

ಇಪ್ಪತ್ತರಂದು ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಸಕಲೇಶಪುರಕ್ಕೆ ಹೊರಟೆ. ಮುದ್ರೆ ಒಡೆಯದ ಬಾಟಲಿ ಆತನೆದುರಿಗೇ ಕೊರಿಯರಿನವರ ಕೈ ಸೇರಲಿ ಎಂದು ಚಾಲಕನನ್ನೂ ಕರೆದೆ. ಬಾಡಿಗೆ ಜೀಪು, ಬೇರೆಯವನು ಓಡಿಸುತ್ತಿದ್ದ. ಈತ ಪಕ್ಕದ ಸೀಟಿನಲ್ಲಿ ಕುಳಿತು, ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಅರ್ಧ ದಾರಿಯಲ್ಲಿ, ಹಿಂದೆ ತಿರುಗದೆ ಕೇಳಿದ:

“ಐತೆ ಅಂತ ಬಂದ್ಬುಟ್ರೆ ಏನ್ ಮಾಡ್ತೀರಿ?”

“ಅದನ್ನೂ ಬರೀತೀನಿ.”

“ಬರೀರಿ. ಆದ್ರೆ ಈ ಸಲ ಸರಿಯಾಗಿ ಬರೀರಿ ಅಮ್ಮಾವ್ರೇ.”

ಆ ಮಾತಿನ ನಂತರ ನನ್ನ ಅನುಮಾನ ಹೋಯಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ನಿಜವಲ್ಲ. ಅನುಮಾನ ಇದ್ದೇ ಇತ್ತು. ಅನುಮಾನ ಇಟ್ಟುಕೊಂಡೇ ಸರಿಯಾದ ಕೆಲಸ ಮಾಡಬಹುದು ಎಂಬುದಷ್ಟೇ ನನಗೆ ಸ್ಪಷ್ಟವಾಯಿತು.

ಇಪ್ಪತ್ತನಾಲ್ಕರಂದು ವಿಮಾ ಸಂಸ್ಥೆಗೆ ಪಟ್ಟಿ ಹೋಯಿತು, ಆತನ ಸಾಲಿನಲ್ಲಿ ‘ಫಲಿತಾಂಶ ಬಾಕಿ’ ಎಂದೇ ಇತ್ತು. ವರದಿ ಬಂದದ್ದು ಜುಲೈ ಇಪ್ಪತ್ತೇಳು, ಗುರುವಾರ, ಸಂಜೆ ನಾಲ್ಕು ಇಪ್ಪತ್ತಕ್ಕೆ, ನನ್ನ ಮಿಂಚಂಚೆಗೆ: ಮುದ್ರೆ ಅಖಂಡ, ಹದಿನೈದು ನ್ಯಾನೊಗ್ರಾಂ ಮಿತಿಯಲ್ಲಿ ಪತ್ತೆಯಾಗಿಲ್ಲ. ನಾಲ್ಕು ಇಪ್ಪತ್ತೊಂದಕ್ಕೆ ಅದನ್ನು ಮ್ಯಾನೇಜರಿಗೆ ಕಳಿಸಿದೆ. ರಾತ್ರಿಯ ಊಟಕ್ಕೆ ಮುನ್ನ ಸೂಚನಾಪತ್ರವನ್ನು ಮೊದಲಿನಿಂದ ಬರೆದು ಮುಗಿಸಿದೆ. ಮುಂದಿನ ವಾರ ರೈಟರ್ ಮುಂದೆ ಬೇಕೆಂದೇ ತೆಳು ಗೀಟು ಬರುವಂತೆ ಮಾಡಿದ ಹನ್ನೆರಡು ಪಟ್ಟಿಗಳನ್ನು ಹರಡಿ ಓದಿಸಿದೆ. ಕಪ್ಪು ಬಟ್ಟೆಯ ಮೇಲೇ ಹರಡಿದೆ, ಅವರಿಗೆ ಅಭ್ಯಾಸವಿರಲಿ ಎಂದು. ಹನ್ನೆರಡನ್ನೂ ‘ಇಲ್ಲ’ ಎಂದು ಸರಿಯಾಗಿ ಓದಿ, ‘ಮಸುಕಾದ ಗೀಟೂ ಗೀಟೇ’ ಎಂದು ತಾವೇ ಗೋಡೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದರು.

ಇನ್ನು ನೆನಪು. ಮರುದಿನ, ಅಂದರೆ ಇಪ್ಪತ್ತೆಂಟರ ಶುಕ್ರವಾರ ಬೆಳಿಗ್ಗೆ, ಎಸ್ಟೇಟಿನ ಜೀಪು ನಮ್ಮ ಗೇಟಿನ ಮುಂದೆ ನಿಂತಿತು. ಸ್ಟೇರಿಂಗಿನ ಹಿಂದೆ ಆತ. ಹತ್ತಿ ಅಮ್ಮಾವ್ರೇ, ವನಗೂರಿಗೆ ಬಿಡ್ತೀನಿ ಎಂದ. ಹತ್ತಿದೆ. ಆ ಬೆಳಗಿನ ಬಿಸಿಲು, ಗಾಜಿನ ಮೇಲಿನ ಹಬೆ, ಆತ ಗೇರು ಬದಲಿಸಿದ ಸದ್ದು, ಎಲ್ಲವೂ ನನಗೆ ನೆನಪಿದೆ. ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲವೂ ವರದಿಯ ಮರುದಿನಕ್ಕೇ ಮುಗಿಸಿದ್ದೇನೆ.

ಈ ಬರಹಕ್ಕಾಗಿ ಹೋದ ತಿಂಗಳು ಎಸ್ಟೇಟಿನ ಜೀಪ್ ಓಡಾಟದ ಪುಸ್ತಕವನ್ನು ಕೇಳಿ ಪಡೆದೆ. ೨೦೨೩ರ ಜುಲೈ ೨೮ರಂದು ಆ ಜೀಪನ್ನು ಓಡಿಸಿದ ಸಹಿ ಬೇರೊಬ್ಬನದು. ೨೯ರಂದೂ ಅವನದೇ. ವಿಮಾ ಸಂಸ್ಥೆಯ ಒಪ್ಪಿಗೆಪತ್ರ ಬರುವವರೆಗೆ ಮ್ಯಾನೇಜರ್ ಕೀ ಹಿಡಿದಿಟ್ಟಿದ್ದರೆಂದು ಪುಟದ ಅಂಚಿನಲ್ಲಿ ಟಿಪ್ಪಣಿಯಿದೆ. ಆ ದಿನಗಳಲ್ಲಿ ನನ್ನ ಬಳಿಗೆ ಯಾಕೆ ಬರಲಿಲ್ಲ ಎಂದು ಚಾಲಕನನ್ನು ಈಗ ಕೇಳಿದೆ. ಆತ ಸಹಜವಾಗಿ ಹೇಳಿದ:

“ರಿಪೋರ್ಟ್ ಬಂದಿದ್ದೇ ನಂಗೆ ಗೊತ್ತಿರ್ಲಿಲ್ವಲ್ಲ.”

ನಾನು ಮ್ಯಾನೇಜರಿಗೆ ಒಂದು ನಿಮಿಷದಲ್ಲಿ ತಿಳಿಸಿದ್ದೆ. ಯಾರ ಮೂತ್ರವೋ ಅವನಿಗೆ ತಿಳಿಸಿರಲಿಲ್ಲ. ಸೂಚನಾಪತ್ರಕ್ಕೆ ನಿನ್ನೆ ಇನ್ನೊಂದು ಸಾಲು ಸೇರಿಸಿ, ಎಸ್ಟೇಟಿಗೆ ನಾನೇ ಹೋಗಿ ಕೊಟ್ಟು ಬಂದಿದ್ದೇನೆ: ವರದಿಯ ಮೊದಲ ಪ್ರತಿ ಮಾದರಿ ಕೊಟ್ಟವರ ಕೈಗೆ, ಅದೇ ದಿನ.

ನನ್ನ ನೆನಪು ಜುಲೈ ೨೮ ಎನ್ನುತ್ತದೆ. ಓಡಾಟದ ಪುಸ್ತಕದಲ್ಲಿ ಆತನ ಸಹಿ ಮತ್ತೆ ಮೊದಲು ಕಾಣುವುದು ಆಗಸ್ಟ್ ೭, ಸೋಮವಾರ, ಬೆಳಿಗ್ಗೆ ಎಂಟು ಹತ್ತಕ್ಕೆ; ಊರು ಮತ್ತು ಪ್ರಯಾಣಿಕರ ಅಂಕಣದಲ್ಲಿ: ‘ವನಗೂರು. ಒಬ್ಬರು.’